ಮುಗಿಯದ ಕೆಲಸದ ಟಿಪ್ಪಣಿ ಹಿಡಿಯುವ ಪ್ಲಗಿನ್: ಹಳೆಯ ‘ಟುಡು’ಗಳಿಗೂ ಎಚ್ಚರಿಕೆ ಬರುತ್ತಿದೆ, ತಡೆಯುವುದು ಹೇಗೆ?

ಪ್ರಶ್ನೆ

ನಮ್ಮ ತಂಡದ ಕೋಡ್‌ನಲ್ಲಿ ‘ಟುಡು’ (ಮಾಡಬೇಕಿದೆ), ‘ಫಿಕ್ಸ್‌ಮಿ’ (ಸರಿಪಡಿಸಬೇಕಿದೆ) ಎಂದು ಟಿಪ್ಪಣಿಯಲ್ಲಿ ಗುರುತು ಹಾಕಿದ ಅರ್ಧಂಬರ್ಧ ಕೆಲಸಗಳು ಯಾರ ಕಣ್ಣಿಗೂ ಬೀಳದೆ ಮುಖ್ಯ ಬ್ರಾಂಚ್ ಸೇರಿಬಿಡುತ್ತಿದ್ದವು. ಇದಕ್ಕೊಂದು ತಡೆ ಬೇಕೆಂದು, ಪುಲ್ ರಿಕ್ವೆಸ್ಟ್‌ಗಳನ್ನು (ಬದಲಾವಣೆಯನ್ನು ಮುಖ್ಯ ಬ್ರಾಂಚ್‌ಗೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳನ್ನು) ತಾನಾಗಿಯೇ ಪರಿಶೀಲಿಸುವ ಡೇಂಜರ್ ಎಂಬ ಮುಕ್ತ ತಂತ್ರಾಂಶವನ್ನೂ ಅದರ ಜೊತೆ ಬಳಸುವ ಡೇಂಜರ್-ಟುಡುಯಿಸ್ಟ್ ಎಂಬ ಪ್ಲಗಿನ್ ಅನ್ನೂ ಅಳವಡಿಸಿಕೊಂಡಿದ್ದೇವೆ. ಡೇಂಜರ್‌ನ ನಿಯಮಗಳನ್ನು ಬರೆಯುವ ಡೇಂಜರ್‌ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಬದಲಾದ ಕೋಡ್‌ನಲ್ಲಿ ಈ ಎರಡು ಗುರುತುಗಳಲ್ಲಿ ಯಾವುದು ಕಂಡರೂ ಪುಲ್ ರಿಕ್ವೆಸ್ಟ್‌ನ ಕೆಳಗೆ ಎಚ್ಚರಿಕೆ ಬೀಳುತ್ತದೆ. ಬೇಕಾದರೆ ಎಚ್ಚರಿಕೆಯ ಬದಲು ಬಿಲ್ಡ್ ವಿಫಲವಾಗುವಂತೆ ಮಾಡಬಹುದು, ಸಿಕ್ಕಿದ್ದೆಲ್ಲವನ್ನೂ ಕೋಷ್ಟಕವಾಗಿ ತೋರಿಸಬಹುದು, ಹುಡುಕಬೇಕಾದ ಪದಗಳ ಪಟ್ಟಿಯನ್ನೂ ಬದಲಿಸಿಕೊಳ್ಳಬಹುದು. ಇಷ್ಟರಮಟ್ಟಿಗೆ ತೃಪ್ತಿಯಿದೆ.

ತೊಂದರೆ ಬೇರೆ ಕಡೆ ಇದೆ. ಯಾರಾದರೂ ಒಂದು ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿ ಒಳಗೂ ಒಂದಿಷ್ಟು ಬದಲಿಸಿದರೆ, ಆ ಫೈಲಿನಲ್ಲಿ ವರ್ಷಗಳಿಂದ ಕುಳಿತಿದ್ದ ಟಿಪ್ಪಣಿಗಳೆಲ್ಲ ಹೊಸದಾಗಿ ಬರೆದವು ಎಂಬಂತೆ ಎಚ್ಚರಿಕೆಯಲ್ಲಿ ಕಾಣಿಸಿಕೊಳ್ಳುತ್ತವೆ. ಇದ್ದ ಕೋಡ್‌ಗೆ ಒಂದು ಷರತ್ತಿನ ಆವರಣ ಹಾಕಿ ಇಂಡೆಂಟ್ ಮಾತ್ರ ಒಳಕ್ಕೆ ಹೋದಾಗಲೂ ಇದೇ ಕಥೆ. ಹೀಗಾಗಿ ರಿವ್ಯೂ ಮಾಡುವವರು ಎಚ್ಚರಿಕೆಯನ್ನು ಓದುವುದನ್ನೇ ಬಿಟ್ಟಿದ್ದಾರೆ. ಇದಕ್ಕೆ ಪರಿಹಾರವಾಗಿ ‘ಎಚ್ಚರಿಕೆ ಬೇಡ, ಬಿಲ್ಡನ್ನೇ ವಿಫಲಗೊಳಿಸೋಣ, ಆಗ ಎಲ್ಲರೂ ಗಮನಿಸುತ್ತಾರೆ’ ಎಂಬ ಸಲಹೆ ತಂಡದೊಳಗಿನಿಂದಲೇ ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲದಿದ್ದರೂ ವಾದಿಸಲು ಗಟ್ಟಿ ಕಾರಣಗಳು ಹೊಳೆಯುತ್ತಿಲ್ಲ. ಇದರ ಜೊತೆಗೆ, ನಮ್ಮ ರೆಪೊ (ಕೋಡ್ ಇಡುವ ಭಂಡಾರ) ಸಾರ್ವಜನಿಕವಾದುದರಿಂದ ಹೊರಗಿನವರು ತಮ್ಮ ಫೋರ್ಕ್‌ನಿಂದಲೂ (ರೆಪೊದ ಸ್ವಂತ ನಕಲಿನಿಂದಲೂ) ಪುಲ್ ರಿಕ್ವೆಸ್ಟ್ ಕಳಿಸುತ್ತಾರೆ, ಅವುಗಳಲ್ಲಿ ಮಾತ್ರ ಯಾವ ಕಾಮೆಂಟೂ ಬೀಳುವುದಿಲ್ಲ. ಹಳೆಯ ಟಿಪ್ಪಣಿಗೂ ಹೊಸ ಟಿಪ್ಪಣಿಗೂ ನಡುವಿನ ವ್ಯತ್ಯಾಸವನ್ನು ಪ್ಲಗಿನ್‌ಗೆ ತಿಳಿಸುವ ದಾರಿ ಇದೆಯೇ? ಬಿಲ್ಡ್ ವಿಫಲಗೊಳಿಸುವುದರ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಉತ್ತರ 1

ನಿಮ್ಮ ಮೊದಲ ತೊಂದರೆಯ ಮೂಲ ಪ್ಲಗಿನ್‌ನಲ್ಲಿಲ್ಲ, ಎರಡು ಆವೃತ್ತಿಗಳ ವ್ಯತ್ಯಾಸ ತೋರಿಸುವ ಡಿಫ್ ಎಂಬುದರ ಸ್ವಭಾವದಲ್ಲಿದೆ. ಕೋಡ್‌ನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್‌ನ ಡಿಫ್‌ನಲ್ಲಿ ‘ಬದಲಾದ ಸಾಲು’ ಎಂಬ ವರ್ಗವೇ ಇಲ್ಲ. ಹೋದ ಸಾಲು, ಬಂದ ಸಾಲು, ಹಾಗೆಯೇ ಉಳಿದ ಸಾಲು ಎಂಬ ಮೂರೇ ಬಗೆ. ಆದ್ದರಿಂದ ಇಂಡೆಂಟ್ ಬದಲಾದ ಸಾಲು ಒಮ್ಮೆ ಹೋಗಿ ಮತ್ತೆ ಬಂದಂತೆ ದಾಖಲಾಗುತ್ತದೆ. ಒಂದು ತುಣುಕನ್ನು ಹತ್ತಿರದಿಂದ ನೋಡಿ, ಕೋಡ್‌ನ ಪದಗಳನ್ನು ಕನ್ನಡದಲ್ಲೇ ಬರೆದಿದ್ದೇನೆ:

@@ -41,2 +41,4 @@
-  # ಟುಡು: ಸಂಪರ್ಕ ಕಡಿದರೆ ಮರುಪ್ರಯತ್ನ ಬೇಕು
-  ಕಳುಹಿಸು(ಸಂದೇಶ)
+  ಸಿದ್ಧವಿದ್ದರೆ
+    # ಟುಡು: ಸಂಪರ್ಕ ಕಡಿದರೆ ಮರುಪ್ರಯತ್ನ ಬೇಕು
+    ಕಳುಹಿಸು(ಸಂದೇಶ)
+  ಮುಗಿಯಿತು

ಕೂಡಿಸುವ ಚಿಹ್ನೆಯಿರುವ ಸಾಲುಗಳನ್ನು ಮಾತ್ರ ನೋಡುವ ಯಾವ ಉಪಕರಣಕ್ಕಾದರೂ ಇಲ್ಲಿ ಒಂದು ಹೊಸ ಟಿಪ್ಪಣಿ ಸಿಗುತ್ತದೆ. ಕಳೆಯುವ ಚಿಹ್ನೆಯ ಸಾಲುಗಳನ್ನೂ ಓದಿದರೆ ಅದೇ ಟಿಪ್ಪಣಿ ಅಲ್ಲೂ ಇರುವುದು ಕಾಣುತ್ತದೆ. ಹಾಗಾಗಿ ಮಾಡಬೇಕಾದ ಕೆಲಸ ಸರಳ ಲೆಕ್ಕ. ಇಡೀ ಪುಲ್ ರಿಕ್ವೆಸ್ಟ್‌ನಲ್ಲಿ ಅಳಿಸಿದ ಸಾಲುಗಳಿಂದ ಗುರುತಿರುವ ಟಿಪ್ಪಣಿಗಳನ್ನು ಹೆಕ್ಕಿ, ಮುಂದಿನ ಹಿಂದಿನ ಖಾಲಿ ಜಾಗವನ್ನೂ ಟಿಪ್ಪಣಿಯ ಚಿಹ್ನೆಯನ್ನೂ ತೆಗೆದು, ಪ್ರತಿಯೊಂದು ಪಠ್ಯವೂ ಎಷ್ಟು ಸಲ ಬಂದಿದೆ ಎಂದು ಎಣಿಸಿಟ್ಟುಕೊಳ್ಳಿ. ಸೇರಿಸಿದ ಸಾಲುಗಳಿಗೂ ಹಾಗೆಯೇ ಮಾಡಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿದದ್ದು ಮಾತ್ರ ನಿಜವಾಗಿ ಹೊಸದು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಲೆಕ್ಕವನ್ನು ಫೈಲಿಗೊಂದರಂತೆ ಮಾಡದೆ ಇಡೀ ಬದಲಾವಣೆಗೆ ಒಟ್ಟಾಗಿ ಮಾಡಿದರೆ ಫೈಲ್ ಸ್ಥಳಾಂತರದ ತಲೆನೋವೂ ಇದರಲ್ಲೇ ಕಳೆಯುತ್ತದೆ. ಗಿಟ್ ಪೂರ್ವನಿಯೋಜಿತವಾಗಿ ಶೇ. 50ರಷ್ಟು ಹೋಲಿಕೆ ಇದ್ದರೆ ಮಾತ್ರ ಹೆಸರು ಬದಲಾದ ಫೈಲ್ ಎಂದು ಗುರುತಿಸುತ್ತದೆ. ಅದಕ್ಕಿಂತ ಕಡಿಮೆಯಾದರೆ ಒಂದು ಫೈಲ್ ಪೂರ್ತಿ ಅಳಿದು ಇನ್ನೊಂದು ಪೂರ್ತಿ ಹುಟ್ಟಿದಂತೆ ತೋರಿಸುತ್ತದೆ. ನಿಮ್ಮ ಹಳೆಯ ಟಿಪ್ಪಣಿಗಳೆಲ್ಲ ಒಟ್ಟಿಗೆ ಎದ್ದು ಬರುವುದು ಹೀಗೆ. ಇನ್ನೊಂದು, ಬರೀ ‘ಇದೆಯೋ ಇಲ್ಲವೋ’ ಎಂದು ನೋಡದೆ ಎಣಿಕೆಯನ್ನೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಂದು ಕಡೆ ಇದ್ದ ಟಿಪ್ಪಣಿಯನ್ನು ಯಾರಾದರೂ ಎರಡು ಕಡೆ ನಕಲು ಮಾಡಿದಾಗ, ಹೆಚ್ಚಾದ ಒಂದು ತಪ್ಪಿಸಿಕೊಳ್ಳುತ್ತದೆ.

ಟಿಪ್ಪಣಿಯ ಒಂದು ಪದ ತಿದ್ದಿದರೂ ಅದು ಹೊಸದೆಂದು ಎಣಿಕೆಯಾಗುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ನನ್ನ ಮಟ್ಟಿಗೆ ಅದು ಸರಿಯೇ. ತಿದ್ದಿದವರು ಅದನ್ನು ಓದಿದ್ದಾರೆ ಎಂದಾಯಿತು, ಓದಿದ ಮೇಲೆ ಒಂದು ಪ್ರಶ್ನೆ ಎದುರಿಸಿದರೆ ನಷ್ಟವೇನಿಲ್ಲ.

ಡೇಂಜರ್‌ಫೈಲ್ ಎಂದರೆ ಕೊನೆಗೂ ರೂಬಿ ಕೋಡ್ ತಾನೆ? ಪ್ರತಿ ಫೈಲಿನ ಡಿಫ್ ಅಲ್ಲಿಯೇ ಕೈಗೆ ಸಿಗುವುದರಿಂದ ಈ ಲೆಕ್ಕವನ್ನು ಪ್ಲಗಿನ್ ಇಲ್ಲದೆಯೂ ಅದರಲ್ಲೇ ಬರೆದುಕೊಳ್ಳಬಹುದು, ಒಂದು ಪರದೆಯಷ್ಟು ಕೋಡ್ ಮೀರುವುದಿಲ್ಲ. ಡೇಂಜರ್‌ನ ಹೊರಗೆ, ಸ್ವಂತ ಸ್ಕ್ರಿಪ್ಟ್‌ನಲ್ಲಿ ಬರೆಯುವುದಾದರೆ ಮಾತ್ರ ಹೋಲಿಕೆಯ ತಳಹದಿಯ ಬಗ್ಗೆ ಎಚ್ಚರವಿರಲಿ. ಮುಖ್ಯ ಬ್ರಾಂಚ್‌ನ ಈಗಿನ ತುದಿಯ ಜೊತೆ ನೇರವಾಗಿ ಹೋಲಿಸಿದರೆ, ನಿಮ್ಮ ಬ್ರಾಂಚ್ ಕವಲೊಡೆದ ನಂತರ ಅಲ್ಲಿ ಬೇರೆಯವರು ಸೇರಿಸಿದ ಟಿಪ್ಪಣಿಗಳು ನೀವು ಅಳಿಸಿದಂತೆ ಕಾಣುತ್ತವೆ. ಅವು ಈ ಕಳೆಯುವ ಲೆಕ್ಕದಲ್ಲಿ ಸೇರಿ ನಿಮ್ಮದೊಂದು ಹೊಸ ಟಿಪ್ಪಣಿಯನ್ನು ಮುಚ್ಚಿಹಾಕಿಯಾವು. ಎರಡು ತುದಿಗಳ ನಡುವೆ ಮೂರು ಚುಕ್ಕಿ ಇಟ್ಟು ಡಿಫ್ ತೆಗೆದರೆ ಕವಲೊಡೆದ ಬಿಂದುವಿನಿಂದ ಹೋಲಿಕೆ ನಡೆಯುತ್ತದೆ. ಅದಕ್ಕೆ ಇತಿಹಾಸ ಬೇಕು. ಪರಿಶೀಲನೆಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನ ಚೆಕ್‌ಔಟ್ ಹಂತ ಪೂರ್ವನಿಯೋಜಿತವಾಗಿ ಒಂದೇ ಕಮಿಟ್ ಇಳಿಸಿಕೊಳ್ಳುವುದರಿಂದ, ಆಳದ ಮೌಲ್ಯವನ್ನು 0 ಮಾಡಿ ಪೂರ್ಣ ಇತಿಹಾಸ ತರಿಸಿಕೊಳ್ಳಿ.

ಉತ್ತರ 2

ಬಿಲ್ಡ್ ವಿಫಲಗೊಳಿಸುವ ಪ್ರಶ್ನೆಗೆ ನನ್ನ ಉತ್ತರ: ‘ಟುಡು’ ಇದೆ ಎಂಬ ಒಂದೇ ಕಾರಣಕ್ಕೆ ಖಂಡಿತ ಬೇಡ. ನಿಷೇಧ ಹೇರಿದ ಮರುದಿನದಿಂದ ಜನ ಕೆಲಸ ಮುಗಿಸಲು ತೊಡಗುವುದಿಲ್ಲ, ಗುರುತು ಹಾಕುವುದನ್ನು ನಿಲ್ಲಿಸುತ್ತಾರೆ. ‘ಸದ್ಯಕ್ಕೆ ಹೀಗಿರಲಿ’, ‘ಇದು ಯಾಕೆ ಕೆಲಸ ಮಾಡುತ್ತಿದೆಯೋ ತಿಳಿಯದು’ ಎಂಬ ಸಾದಾ ವಾಕ್ಯಗಳು ಆ ಜಾಗಕ್ಕೆ ಬರುತ್ತವೆ, ಅವು ಯಾವ ಪ್ಲಗಿನ್‌ನ ಬಲೆಗೂ ಬೀಳುವುದಿಲ್ಲ.

ಇದು ಬರೀ ಊಹೆಯಲ್ಲ. ಅನಿಕೇತ್ ಪೋತದಾರ್ ಮತ್ತು ಇಮಾದ್ ಶಿಹಾಬ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಲಿಪ್ಸ್, ಕ್ರೋಮಿಯಂ ಓಎಸ್, ಅಪಾಚೆ ವೆಬ್ ಸರ್ವರ್ ಮತ್ತು ಆರ್ಗೊಯುಎಂಎಲ್ ಎಂಬ ನಾಲ್ಕು ಮುಕ್ತ ಯೋಜನೆಗಳ ಒಂದು ಲಕ್ಷಕ್ಕೂ ಹೆಚ್ಚು ಟಿಪ್ಪಣಿಗಳನ್ನು ಕಣ್ಣಿಂದಲೇ ಓದಿ, ಬರೆದವರೇ ತಮ್ಮ ಕೋಡ್ ಅಪೂರ್ಣವೆಂದು ಒಪ್ಪಿಕೊಂಡ 62 ಮಾದರಿಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಬಹಳಷ್ಟು ಇಂಥ ಸಾದಾ ಮಾತುಗಳೇ. ಆ ಯೋಜನೆಗಳಲ್ಲಿ ಶೇ. 2.4ರಿಂದ ಶೇ. 31ರವರೆಗಿನ ಫೈಲುಗಳಲ್ಲಿ ಈ ಬಗೆಯ ಒಪ್ಪಿಗೆಗಳಿದ್ದವು, ಬರೆದ ನಂತರ ತೆಗೆದುಹಾಕಿದ್ದು ಯೋಜನೆಗೆ ಅನುಗುಣವಾಗಿ ಶೇ. 26.3ರಿಂದ ಶೇ. 63.5ರಷ್ಟು ಮಾತ್ರ. ಅಂದರೆ ಗುರುತು ಹಾಕುವ ಅಭ್ಯಾಸ ಇರುವ ತಂಡ ಆಗಲೇ ಅರ್ಧ ದಾರಿ ಬಂದಿದೆ. ಆ ಅಭ್ಯಾಸಕ್ಕೆ ದಂಡ ವಿಧಿಸುವುದು ಯಾವ ನ್ಯಾಯ?

ಬದಲಿಗೆ ಟಿಪ್ಪಣಿಗೊಂದು ವಿಳಾಸ ಕೇಳಿ. ‘ಟುಡು’ವಿನ ಪಕ್ಕದಲ್ಲಿ ಟಿಕೆಟ್ ಸಂಖ್ಯೆ (ಆ ಕೆಲಸವನ್ನು ದಾಖಲಿಸಿಟ್ಟ ನಮೂದಿನ ಸಂಖ್ಯೆ) ಇದ್ದರೆ ಪ್ಲಗಿನ್ ಸುಮ್ಮನಿರಲಿ, ಇಲ್ಲದಿದ್ದರೆ ಎಚ್ಚರಿಸಲಿ. ಪೈಥಾನ್ ಬಳಸುವವರಿಗೆ ರಫ್ ಎಂಬ ಲಿಂಟರ್‌ನಲ್ಲಿ (ಕೋಡ್‌ನ ಲೋಪ ಹುಡುಕುವ ಉಪಕರಣದಲ್ಲಿ) ಇದಕ್ಕೆಂದೇ ನಿಯಮಗಳಿವೆ: ಬರೆದವರ ಹೆಸರಿಲ್ಲದಿದ್ದರೆ ಒಂದು, ಟಿಕೆಟ್‌ನ ಕೊಂಡಿ ಇಲ್ಲದಿದ್ದರೆ ಇನ್ನೊಂದು. ಹೆಸರಿನ ನಿಯಮ ನನಗೆ ಅಷ್ಟು ರುಚಿಸುವುದಿಲ್ಲ, ಏಕೆಂದರೆ ಜನ ತಂಡ ಬಿಡುತ್ತಾರೆ, ಆಮೇಲೆ ಆ ಹೆಸರು ಯಾರನ್ನೂ ಎಬ್ಬಿಸುವುದಿಲ್ಲ. ಗೂಗಲ್‌ನ ಶೈಲಿ ಕೈಪಿಡಿಗಳು ಕೂಡ ಮೊದಲು ಆವರಣದಲ್ಲಿ ಬಳಕೆದಾರರ ಹೆಸರು ಬರೆಯಲು ಹೇಳುತ್ತಿದ್ದವು, ಈಗ ಬಗ್‌ನ ಕೊಂಡಿಗೆ ಆದ್ಯತೆ ಕೊಡುತ್ತವೆ. ಇಎಸ್‌ಲಿಂಟ್ ಮತ್ತು ಪೈಲಿಂಟ್ ಎಂಬ ಲಿಂಟರ್‌ಗಳಲ್ಲಿರುವ ಹಳೆಯ ನಿಯಮಗಳು ಗುರುತು ಕಂಡರೆ ಸಾಕು ಕೂಗುವಂಥವು, ಕೊಂಡಿ ಇದೆಯೇ ಎಂದು ನೋಡುವುದಿಲ್ಲ. ಅವನ್ನು ಹಾಗೆಯೇ ಬಳಸಿದರೆ ನೀವು ಈಗಿರುವ ಸ್ಥಿತಿಗೇ ಮರಳುತ್ತೀರಿ.

‘ಫಿಕ್ಸ್‌ಮಿ’ಯ ಮಾತು ಬೇರೆ. ತಂಡದಲ್ಲಿ ಅದಕ್ಕೆ ‘ಇದು ಈಗಲೇ ತಪ್ಪಾಗಿ ನಡೆಯುತ್ತಿದೆ’ ಎಂಬ ಅರ್ಥವನ್ನು ಖಚಿತವಾಗಿ ಕೊಟ್ಟುಕೊಂಡಿದ್ದರೆ, ಹೊಸದಾಗಿ ಬಂದ ‘ಫಿಕ್ಸ್‌ಮಿ’ಗೆ ಬಿಲ್ಡ್ ವಿಫಲಗೊಳಿಸಬಹುದು. ಗೊತ್ತಿರುವ ತಪ್ಪನ್ನು ಮರ್ಜ್ ಮಾಡಲು ಯಾರೂ ಅವಸರಪಡಬೇಕಿಲ್ಲ. ಎರಡೂ ಗುರುತುಗಳನ್ನು ಒಂದೇ ಅರ್ಥದಲ್ಲಿ ಬಳಸುವ ತಂಡಕ್ಕೆ ಈ ವ್ಯತ್ಯಾಸದಿಂದ ಲಾಭವಿಲ್ಲ.

ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಇಎಸ್‌ಲಿಂಟ್‌ನ ಯೂನಿಕಾರ್ನ್ ಪ್ಲಗಿನ್‌ನಲ್ಲಿ ಅವಧಿ ಮುಗಿಯುವ ಟಿಪ್ಪಣಿಗಳ ನಿಯಮವೊಂದಿದೆ. ಚೌಕ ಆವರಣದಲ್ಲಿ ದಿನಾಂಕ ಬರೆದರೆ ಆ ದಿನ ದಾಟಿದ ಮೇಲೆ ಲಿಂಟ್ ದೋಷ ಬರುತ್ತದೆ. ಕೇಳಲು ಚೆನ್ನಾಗಿದ್ದರೂ, ಯಾರೂ ಕೋಡ್ ಮುಟ್ಟದ ದಿನ ಕ್ಯಾಲೆಂಡರ್ ಬದಲಾಯಿತೆಂದು ಬಿಲ್ಡ್ ಮುರಿಯುವುದು, ಅದೂ ತುರ್ತು ತಿದ್ದುಪಡಿ ಹೊರಡಿಸಬೇಕಾದ ಹೊತ್ತಿಗೆ, ಸಂಬಂಧವಿಲ್ಲದವರ ತಲೆಗೆ ಕಟ್ಟಿದಂತೆ. ಅದೇ ನಿಯಮದಲ್ಲಿ ದಿನಾಂಕದ ಬದಲು ‘ಇಂಥ ಪ್ಯಾಕೇಜ್ ಇಂಥ ಆವೃತ್ತಿಗೆ ಬಂದಾಗ’ ಎಂದೂ ಬರೆಯಬಹುದು. ಅದು ನಿಜಕ್ಕೂ ಉಪಯುಕ್ತ, ಏಕೆಂದರೆ ಆವೃತ್ತಿ ಏರಿಸಿದವರ ಪುಲ್ ರಿಕ್ವೆಸ್ಟ್‌ನಲ್ಲೇ ಆ ಟಿಪ್ಪಣಿ ಎದುರಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಕಳೆಯುವ ಲೆಕ್ಕವನ್ನು ಡೇಂಜರ್‌ಫೈಲ್‌ನಲ್ಲಿ ಬರೆದು ನೋಡಿದೆ. ಸ್ಥಳಾಂತರದ ಗದ್ದಲ ನಿಂತಿತು. ತಂಡದ ಮುಂದೆ ಇಡಲು ವಾದವೂ ಸಿಕ್ಕಿತು, ಟಿಕೆಟ್ ಸಂಖ್ಯೆಯ ನಿಯಮಕ್ಕೆ ವಿರೋಧ ಬರುವ ಹಾಗೆ ಕಾಣುವುದಿಲ್ಲ.

ಒಂದು ತೊಡಕು ಉಳಿದಿದೆ. ನಮ್ಮದು ಕೆಲಸಗಳ ಪಟ್ಟಿ ಇಡುವ ಆ್ಯಪ್ ಆದುದರಿಂದ ಕೋಡ್ ತುಂಬ ‘ಟುಡು’ ಎಂಬ ಪದವೇ ತುಂಬಿದೆ: ಕ್ಲಾಸ್‌ಗಳ ಹೆಸರು, ಪರೀಕ್ಷೆಗಳಲ್ಲಿ ಬರುವ ಸ್ಟ್ರಿಂಗ್‌ಗಳು, ತೆರೆಯ ಮೇಲೆ ಕಾಣುವ ಪಠ್ಯ. ದೊಡ್ಡಕ್ಷರದ ಗುರುತನ್ನು ಮಾತ್ರ ಹುಡುಕಿ, ಪದದ ಎರಡೂ ಬದಿಗೆ ಗಡಿ ಹಾಕಿ ಬಹುಪಾಲು ನಿವಾರಿಸಿಕೊಂಡೆ. ಆದರೆ ಸ್ಟ್ರಿಂಗ್‌ನೊಳಗೆ ದೊಡ್ಡಕ್ಷರದಲ್ಲೇ ಬಂದರೆ ರೆಗೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಕೈಚೆಲ್ಲುತ್ತದೆ. ಹಲವು ಸಾಲುಗಳ ಟಿಪ್ಪಣಿಯಲ್ಲಿ ಮಧ್ಯದ ಒಂದು ಸಾಲು ಮಾತ್ರ ಸೇರಿದಾಗ, ಅದು ಟಿಪ್ಪಣಿಯೋ ಕೋಡೋ ಎಂಬುದು ಡಿಫ್‌ನಿಂದ ತಿಳಿಯುವುದೇ ಇಲ್ಲ.

ಉತ್ತರ 3

ಡಿಫ್‌ನಿಂದ ತಿಳಿಯುವುದು ಸಾಧ್ಯವೂ ಇಲ್ಲ, ಏಕೆಂದರೆ ಟಿಪ್ಪಣಿ ತೆರೆಯುವ ಚಿಹ್ನೆ ಆ ತುಣುಕಿಗಿಂತ ಬಹಳ ಮೇಲೆ ಇರಬಹುದು. ಹಾಗಾಗಿ ಕೆಲಸವನ್ನು ಎರಡಾಗಿ ಒಡೆಯಬೇಕು. ಡಿಫ್‌ನಿಂದ ಸೇರಿದ ಸಾಲುಗಳ ಸಂಖ್ಯೆಗಳನ್ನು ಮಾತ್ರ ತೆಗೆದುಕೊಳ್ಳಿ. ಟಿಪ್ಪಣಿಗಳನ್ನು ಪುಲ್ ರಿಕ್ವೆಸ್ಟ್‌ನ ತುದಿಯಲ್ಲಿರುವ ಪೂರ್ಣ ಫೈಲನ್ನು ಪಾರ್ಸ್ ಮಾಡಿ (ಭಾಷೆಯ ವ್ಯಾಕರಣದಂತೆ ಬಿಡಿಸಿ) ಹುಡುಕಿ. ಎರಡೂ ಕೂಡುವ ಜಾಗವಷ್ಟೇ ನಿಮಗೆ ಬೇಕಾದದ್ದು. ಟ್ರೀ-ಸಿಟರ್‌ನಂಥ ಪಾರ್ಸರ್ ಬಳಸಿದರೆ ಸ್ಟ್ರಿಂಗ್ ಯಾವುದು, ಟಿಪ್ಪಣಿ ಯಾವುದು ಎಂಬ ಗೊಂದಲ ಉಳಿಯುವುದಿಲ್ಲ, ಭಾಷೆಗೊಂದು ರೆಗೆಕ್ಸ್ ಬರೆಯುವ ಗೋಜೂ ಇಲ್ಲ. ಅಳಿಸಿದ ಟಿಪ್ಪಣಿಗಳ ಲೆಕ್ಕಕ್ಕೆ ಕವಲೊಡೆದ ಬಿಂದುವಿನಲ್ಲಿದ್ದ ಹಳೆಯ ಫೈಲನ್ನೂ ಹೀಗೆಯೇ ಪಾರ್ಸ್ ಮಾಡಬೇಕಾಗುತ್ತದೆ. ಕೆಲಸ ಸ್ವಲ್ಪ ಹೆಚ್ಚು, ಆದರೆ ಬದಲಾದ ಫೈಲುಗಳಿಗಷ್ಟೇ ಸೀಮಿತ.

ಸ್ವಂತವಾಗಿ ಬರೆಯುವ ಮನಸ್ಸಿಲ್ಲದಿದ್ದರೆ ರಿವ್ಯೂಡಾಗ್ ನೋಡಿ. ಯಾವ ಲಿಂಟರ್‌ನ ಫಲಿತಾಂಶವನ್ನಾದರೂ ತೆಗೆದುಕೊಂಡು ಸೇರಿದ ಸಾಲುಗಳಿಗೆ ಸಂಬಂಧಿಸಿದ್ದನ್ನು ಮಾತ್ರ ಸೋಸಿ ತೋರಿಸುವುದು ಅದರ ಪೂರ್ವನಿಯೋಜಿತ ನಡೆ. ಇಎಸ್‌ಲಿಂಟ್, ಪೈಲಿಂಟ್‌ಗಳು ಹೇಗೂ ಪೂರ್ಣ ಫೈಲ್ ಓದುವುದರಿಂದ ಅವು ಸ್ಟ್ರಿಂಗ್‌ಗೆ ಮೋಸಹೋಗುವುದಿಲ್ಲ. ಕಳೆಯುವ ಲೆಕ್ಕ ಮಾತ್ರ ಅಲ್ಲಿ ಸಿಗದು, ಇಂಡೆಂಟ್ ಬದಲಾದಾಗಿನ ಗದ್ದಲ ಮರಳುತ್ತದೆ.

ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. ಕೆಲವು ಭಾಷೆಗಳಲ್ಲಿ ಮುಗಿಯದ ಕೆಲಸದ ಗುರುತು ಟಿಪ್ಪಣಿಯೇ ಅಲ್ಲ. ರಸ್ಟ್‌ನ ‘ಟುಡು’ ಮ್ಯಾಕ್ರೊ, ಕಾಟ್ಲಿನ್‌ನ ‘ಟುಡು’ ಫಂಕ್ಷನ್ ಇವೆರಡೂ ಕಂಪೈಲ್ ಆಗುತ್ತವೆ, ಆ ಸಾಲು ಓಡಿದ ಕ್ಷಣ ಮೊದಲನೆಯದು ಪ್ಯಾನಿಕ್ ಆಗುತ್ತದೆ, ಎರಡನೆಯದು ಎಕ್ಸೆಪ್ಶನ್ ಎಸೆಯುತ್ತದೆ. ಟಿಪ್ಪಣಿ ಹುಡುಕುವ ಪ್ಲಗಿನ್ ಇವನ್ನು ನೋಡುವುದೇ ಇಲ್ಲ. ಬಿಲ್ಡ್ ವಿಫಲಗೊಳಿಸಲು ನಿಜವಾಗಿ ಅರ್ಹವಾದದ್ದು ಯಾವುದಾದರೂ ಇದ್ದರೆ ಅದು ಇದೇ ಎಂದು ನಾನು ಹೇಳುತ್ತೇನೆ. ಟಿಪ್ಪಣಿಯಿಂದ ಬಳಕೆದಾರರ ಆ್ಯಪ್ ಬೀಳುವುದಿಲ್ಲ, ಇದರಿಂದ ಬೀಳುತ್ತದೆ. ರಸ್ಟ್‌ನಲ್ಲಿ ಕ್ಲಿಪ್ಪಿ ಎಂಬ ಲಿಂಟರ್‌ನ ಒಂದು ನಿಯಮ ಇದನ್ನು ಹಿಡಿಯುತ್ತದೆ, ಆದರೆ ಅದು ತಾನಾಗಿ ಚಾಲೂ ಇರುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ಸ್ವಿಫ್ಟ್ ಬಳಸುವವರಿಗೆ 4.2ನೇ ಆವೃತ್ತಿಯಿಂದ ಕಂಪೈಲರ್ ಎಚ್ಚರಿಕೆಯನ್ನು ಕೋಡ್‌ನಲ್ಲೇ ಬರೆಯುವ ಅನುಕೂಲವಿದೆ. ಅದೂ ಹುಡುಕುವ ಪದಗಳ ಪಟ್ಟಿಯಲ್ಲಿ ಇರಲಿ.

ಉತ್ತರ 4

ಫೋರ್ಕ್‌ಗಳ ಪ್ರಶ್ನೆ ಹಾಗೆಯೇ ಉಳಿದಿದೆ, ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟ್‌ಗೆ ಓದುವ ಅಧಿಕಾರವಷ್ಟೇ ಇರುವ ಟೋಕನ್ (ಪ್ರವೇಶದ ಕೀಲಿ) ಸಿಗುತ್ತದೆ, ರೆಪೊದ ರಹಸ್ಯಗಳು ಸಿಗುವುದಿಲ್ಲ. ಡೇಂಜರ್ ಕಾಮೆಂಟ್ ಬರೆಯಲು ಬರೆಯುವ ಅಧಿಕಾರ ಬೇಕು. ಆದ್ದರಿಂದಲೇ ಅಲ್ಲಿ ಏನೂ ಬೀಳುತ್ತಿಲ್ಲ.

ಹುಡುಕಿದರೆ ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ಇನ್ನೊಂದು ಪ್ರಚೋದಕಕ್ಕೆ ಬದಲಿಸಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಅದನ್ನು ಕಣ್ಣುಮುಚ್ಚಿ ಮಾಡಬೇಡಿ. ಆ ಪ್ರಚೋದಕದಲ್ಲಿ ಓಡುವ ಕೆಲಸಕ್ಕೆ ನಿಮ್ಮ ರೆಪೊದ ಅಧಿಕಾರಗಳು ಪೂರ್ತಿ ಸಿಗುತ್ತವೆ. ಅದರೊಳಗೆ ಹೊರಗಿನವರ ಬ್ರಾಂಚನ್ನು ಚೆಕ್‌ಔಟ್ ಮಾಡಿ ಡೇಂಜರ್ ಓಡಿಸಿದರೆ, ಅವರು ತಿದ್ದಿದ ಡೇಂಜರ್‌ಫೈಲ್ ನಿಮ್ಮ ಟೋಕನ್ ಕೈಯಲ್ಲಿ ಹಿಡಿದು ಓಡುತ್ತದೆ. ಡೇಂಜರ್‌ಫೈಲ್ ರೂಬಿ ಕೋಡ್ ಎಂದು ಮೇಲೆ ಒಬ್ಬರು ಹೇಳಿದರಲ್ಲ, ಇಲ್ಲಿ ಅದೇ ಅಪಾಯ. ಅದರಲ್ಲಿ ಏನನ್ನು ಬೇಕಾದರೂ ಬರೆಯಬಹುದು.

ಸುರಕ್ಷಿತವಾದ ಕ್ರಮವೆಂದರೆ ಕೆಲಸವನ್ನು ಎರಡು ವರ್ಕ್‌ಫ್ಲೋ ಮಾಡುವುದು. ಮೊದಲನೆಯದು ಅಧಿಕಾರವಿಲ್ಲದೆ ಓಡಿ, ಸಿಕ್ಕ ಟಿಪ್ಪಣಿಗಳನ್ನು ಒಂದು ಫೈಲಿಗೆ ಬರೆದು ಆರ್ಟಿಫ್ಯಾಕ್ಟ್ ಆಗಿ ಇಡುತ್ತದೆ. ಅದು ಮುಗಿದ ಮೇಲೆ ಓಡುವ ಎರಡನೆಯದು, ಹೊರಗಿನ ಕೋಡನ್ನು ಮುಟ್ಟದೆ, ಆ ಫೈಲನ್ನು ನಂಬಲಾಗದ ದತ್ತಾಂಶವೆಂದೇ ಭಾವಿಸಿ ಓದಿ ಕಾಮೆಂಟ್ ಬರೆಯುತ್ತದೆ. ಇಷ್ಟೆಲ್ಲ ಬೇಡವೆನಿಸಿದರೆ ಕಾಮೆಂಟನ್ನೇ ಬಿಟ್ಟು, ಲಾಗ್‌ನಲ್ಲಿ ಎಚ್ಚರಿಕೆಯ ಆದೇಶದ ಸಾಲನ್ನು ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆಯೊಂದಿಗೆ ಮುದ್ರಿಸಿ. ಅದಕ್ಕೆ ಬರೆಯುವ ಟೋಕನ್ ಬೇಕಿಲ್ಲ, ಎಚ್ಚರಿಕೆ ಆ ಸಾಲಿನ ಪಕ್ಕದಲ್ಲೇ ಕಾಣಿಸುತ್ತದೆ. ಒಂದು ಹಂತಕ್ಕೆ 10 ಎಚ್ಚರಿಕೆಗಳ ಮಿತಿ ಇದೆ, ಆದರೆ ಕಳೆಯುವ ಲೆಕ್ಕ ಹಾಕಿದ ಮೇಲೆ ಹತ್ತನ್ನು ಮೀರುವ ಪುಲ್ ರಿಕ್ವೆಸ್ಟ್ ಬಂದರೆ ಅದರ ಸಮಸ್ಯೆ ಬೇರೆಯೇ ಇರುತ್ತದೆ.

ಒಳಗಿನವರ ಬ್ರಾಂಚ್‌ಗಳಿಗೆ ಡೇಂಜರ್ ಈಗಿರುವಂತೆ ಮುಂದುವರಿಯಲಿ. ಅದು ಪ್ರತಿ ಪುಶ್‌ಗೂ ಹೊಸ ಕಾಮೆಂಟ್ ಬರೆಯದೆ ಹಳೆಯದನ್ನೇ ತಿದ್ದುತ್ತದೆಯಾದ್ದರಿಂದ, ಟಿಪ್ಪಣಿಗೆ ಟಿಕೆಟ್ ಸಂಖ್ಯೆ ಸೇರಿಸಿದ ಕೂಡಲೇ ಎಚ್ಚರಿಕೆಯೂ ಮಾಯವಾಗುತ್ತದೆ. ಬೇರೆ ಪರಿಶೀಲನೆಗಳಿಗಾಗಿ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ ಡೇಂಜರ್ ಇನ್ನೊಂದು ಕಡೆಯೂ ಓಡುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಗುರುತಿನ ಹೆಸರು ಕೊಡಿ, ಇಲ್ಲವಾದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತ ಹೋಗುತ್ತದೆ. ಹೊಸ ಡೇಂಜರ್‌ಫೈಲನ್ನು ಮರ್ಜ್ ಮಾಡುವ ಮೊದಲು, ಡೇಂಜರ್‌ನ ‘ಪಿಆರ್’ ಉಪ-ಆದೇಶಕ್ಕೆ ಹಳೆಯದೊಂದು ಪುಲ್ ರಿಕ್ವೆಸ್ಟ್‌ನ ವಿಳಾಸ ಕೊಟ್ಟು ನಿಮ್ಮ ಯಂತ್ರದಲ್ಲೇ ಓಡಿಸಿ ನೋಡಬಹುದು. ಫಲಿತಾಂಶ ಟರ್ಮಿನಲ್‌ನಲ್ಲಷ್ಟೇ ಬರುತ್ತದೆ, ಯಾರ ಪುಲ್ ರಿಕ್ವೆಸ್ಟ್‌ಗೂ ಕಾಮೆಂಟ್ ಹೋಗುವುದಿಲ್ಲ. ಫೈಲ್ ಸ್ಥಳಾಂತರವಾಗಿದ್ದ ಆ ಹಳೆಯ ಪುಲ್ ರಿಕ್ವೆಸ್ಟ್ ಒಂದನ್ನೇ ಇದಕ್ಕೆ ಆರಿಸಿಕೊಳ್ಳಿ.